ಮೊದಲ ಟ್ರ್ಯಾಕ್ ಡೇಗೆ ಹೆಲ್ಮೆಟ್: ಬೈಕಿನದು ಸಾಕಾ, ಕಾರ್ ರೇಸಿಂಗ್‌ದೇ ಬೇಕಾ?

ಕೆಂಪು ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಒಂದು ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕಿನಲ್ಲಿ ನಮ್ಮ ಕಾರು ನಾವೇ ಓಡಿಸುವ ದಿನ) ಹೆಸರು ಕೊಟ್ಟಿದ್ದೇನೆ. ಇದೇ ಮೊದಲು. ನನ್ನದೇ ಕಾರು, ಆರು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಟೈರು ಬಿಟ್ಟರೆ ಬೇರೇನೂ ಬದಲಾಯಿಸಿಲ್ಲ. ಸೀಟೂ ಕಂಪನಿಯದೇ, ಬೆಲ್ಟೂ ಕಂಪನಿಯದೇ.

ಹೆಲ್ಮೆಟ್ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮನೆಯಲ್ಲಿ ಸ್ಕೂಟರಿಗೆ ಹಾಕುವ ಐಎಸ್‌ಐ ಹೆಲ್ಮೆಟ್ ಇದೆ, ನಾಲ್ಕು ವರ್ಷದ್ದು, ಒಂದು ಸಲ ಸೀಟಿನ ಮೇಲಿಂದ ಸಿಮೆಂಟ್ ನೆಲಕ್ಕೆ ಬಿದ್ದಿದೆ. ಅದನ್ನೇ ಒಯ್ಯೋಣ ಅಂದ್ರೆ ಮನಸ್ಸು ಒಪ್ಪುತ್ತಿಲ್ಲ. ಹೊಸದು ತಗೊಳ್ಳೋಣ ಅಂತ ಹುಡುಕಿದರೆ ಡಾಟ್, ಇಸಿಇ, ಸ್ನೆಲ್ ಎಂ, ಸ್ನೆಲ್ ಎಸ್‌ಎ, ಎಫ್‌ಐಎ ಅಂತ ಒಂದರ ಮೇಲೊಂದು ಹೆಸರು ಬರುತ್ತವೆ. 25 ಸಾವಿರ ಎತ್ತಿಟ್ಟಿದ್ದೇನೆ. ಬೇಕೇ ಬೇಕು ಅಂದ್ರೆ ಇನ್ನೊಂದಿಷ್ಟು ಸೇರಿಸಬಹುದು, ನನ್ನ ಹೆಂಡತಿಯೂ "ಉಳಿದಿದ್ದರಲ್ಲಿ ಉಳಿಸಿ, ತಲೆ ವಿಷಯದಲ್ಲಿ ಬೇಡ" ಅಂದಿದ್ದಾಳೆ. ಒಬ್ಬರು ಆರು ವರ್ಷ ಬಳಸಿದ ಎಸ್‌ಎ ಹೆಲ್ಮೆಟ್ ಅರ್ಧ ಬೆಲೆಗೆ ಕೊಡ್ತೀನಿ ಅಂತಿದ್ದಾರೆ, ಅದು ತಗೋಬಹುದಾ? ನಾನು ಕನ್ನಡಕ ಹಾಕುತ್ತೇನೆ, ತಲೆ ಸುತ್ತಳತೆ 59 ಸೆಂ.ಮೀ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮೂರನೇ ಗೇರ್, ಮೈಸೂರು

ಮೊದಲು ಸುಲಭದ್ದು ಹೇಳಿಬಿಡ್ತೀನಿ. ಬಿದ್ದ ಹೆಲ್ಮೆಟ್ ಬೇಡ, ಬೇರೆಯವರು ಬಳಸಿದ್ದೂ ಬೇಡ. ಶೆಲ್ಲಿನ ಒಳಗಡೆ ಥರ್ಮಾಕೋಲ್ ತರಹದ ಪದರ ಇರುತ್ತಲ್ಲ, ಪೆಟ್ಟನ್ನು ತಾನು ಅಪ್ಪಚ್ಚಿಯಾಗಿ ತಡೆಯುವುದು ಅದೇ. ಒಮ್ಮೆ ಅಪ್ಪಚ್ಚಿಯಾದ ಜಾಗ ಮತ್ತೆ ಉಬ್ಬುವುದಿಲ್ಲ. ಹೊರಗಡೆ ಬಣ್ಣ ಫಳಫಳ ಅಂತಿದ್ದರೂ ಒಳಗೆ ಏನಾಗಿದೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಖಾಲಿ ಹೆಲ್ಮೆಟ್ ಸೀಟಿನ ಎತ್ತರದಿಂದ ಬಿದ್ದ ಮಾತ್ರಕ್ಕೆ ಹಾಳಾಯಿತು ಅಂತಲ್ಲ, ಆದರೆ ಅನುಮಾನ ತಲೆಯಲ್ಲಿಟ್ಟುಕೊಂಡು ಬ್ರೇಕ್ ತುಳಿಯೋದು ಒಳ್ಳೇದಲ್ಲ. ಬಳಸಲು ಶುರು ಮಾಡಿದ ಐದು ವರ್ಷಕ್ಕೆ ಬದಲಾಯಿಸಿ ಅಂತ ಸ್ನೆಲ್‌ನವರೇ ಹೇಳುತ್ತಾರೆ. ಬೆವರು, ಎಣ್ಣೆ, ಬಿಸಿಲು ಸೇರಿ ಲೈನಿಂಗ್ ಸಡಿಲವಾಗುತ್ತೆ, ಅಂಟು ಬಿಡುತ್ತೆ. ಹಾಗಾಗಿ ಆ ಆರು ವರ್ಷದ್ದಕ್ಕೆ ದುಡ್ಡು ಕೊಡಬೇಡಿ.

ಇನ್ನು ಹೆಸರುಗಳು, ಎಲ್ಲವೂ ಹೆಲ್ಮೆಟ್ ಪರೀಕ್ಷೆಯ ನಿಯಮಗಳದ್ದು. ಐಎಸ್‌ಐ ಅಂದ್ರೆ ನಮ್ಮ ಐಎಸ್ 4151, ದ್ವಿಚಕ್ರದವರಿಗೆ. ಡಾಟ್ ಅಮೆರಿಕದ್ದು, ಇಸಿಇ 22.05, 22.06 ಯುರೋಪಿನದು, ಎರಡೂ ಬೈಕಿನವೇ. ಸ್ನೆಲ್ ಸರ್ಕಾರದ್ದಲ್ಲ. ಅಮೆರಿಕದಲ್ಲಿ 1956ರಲ್ಲಿ ಪೀಟ್ ಸ್ನೆಲ್ ಅನ್ನುವ ಅಮೆಚೂರ್ ರೇಸರ್ ಹೆಲ್ಮೆಟ್ ಹಾಕಿದ್ದರೂ ಅದು ತಲೆ ಉಳಿಸದೆ ತೀರಿಕೊಂಡರು. ಮರುವರ್ಷ ಅವರ ಗೆಳೆಯರು, ಸಹ ರೇಸರ್‌ಗಳು ಸೇರಿ ಹೆಲ್ಮೆಟ್ ಪರೀಕ್ಷೆಗೆ ಅಂತ ಕಟ್ಟಿದ ಸಂಸ್ಥೆ ಅದು. ನಮ್ಮ ನಿಮ್ಮ ಹಾಗೆ ಹವ್ಯಾಸಕ್ಕೆ ಓಡಿಸುತ್ತಿದ್ದವರ ಸಾವಿನಿಂದ ಹುಟ್ಟಿದ್ದು, ಅದಕ್ಕೇ ನನಗೆ ಅವರ ಒಪ್ಪಿಗೆಯ ಚೀಟಿಯ ಮೇಲೆ ಗೌರವ ಜಾಸ್ತಿ. ಅದರಲ್ಲಿ ಎಂ ಅಂದ್ರೆ ಬೈಕು, ಕೆ ಅಂದ್ರೆ ಕಾರ್ಟಿಂಗ್, ಎಸ್‌ಎ ಅಂದ್ರೆ ಕಾರ್ ರೇಸಿಂಗ್.

ಎಸ್‌ಎಗೂ ಎಂಗೂ ವ್ಯತ್ಯಾಸ ಏನು ಅಂದ್ರೆ ಮೂರು ವಿಷಯ. ಒಂದು ಬೆಂಕಿ. ಎಸ್‌ಎ ಹೆಲ್ಮೆಟ್ಟಿನ ಶೆಲ್, ಪಟ್ಟಿ, ಒಳಗಿನ ಬಟ್ಟೆ ಎಲ್ಲವನ್ನೂ ಜ್ವಾಲೆಗೆ ಹಿಡಿದು ಪರೀಕ್ಷೆ ಮಾಡುತ್ತಾರೆ. ಬೈಕ್ ಹೆಲ್ಮೆಟ್ಟಿನ ಲೈನಿಂಗ್ ಸಾಮಾನ್ಯವಾಗಿ ಪಾಲಿಯೆಸ್ಟರ್, ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಎರಡು, ರೋಲ್ ಬಾರ್. ಕಾರಿನೊಳಗೆ ಕಬ್ಬಿಣದ ಪೈಪಿಗೆ ತಲೆ ಬಡಿದರೆ ಏನಾಗುತ್ತೆ ಅನ್ನೋ ಪರೀಕ್ಷೆ ಎಸ್‌ಎಗೆ ಇದೆ, ಎಂಗೆ ಇಲ್ಲ. ಬೈಕಿನಿಂದ ಬಿದ್ದವನು ರಸ್ತೆಯ ಮೇಲೆ ಜಾರಿಕೊಂಡು ಹೋಗ್ತಾನೆ, ಕಾರಿನಲ್ಲಿ ಕೂತವನ ತಲೆ ಸುತ್ತಮುತ್ತ ಇರೋ ಅದೇ ಕಂಬಕ್ಕೆ ಮತ್ತೆ ಮತ್ತೆ ಬಡಿಯಬಹುದು. ಮೂರನೆಯದು, ಹಾನ್ಸ್ (ಗುದ್ದಿದಾಗ ತಲೆ ಮುಂದಕ್ಕೆ ಚಿಮ್ಮದಂತೆ ಹಿಡಿಯುವ ಸಾಧನ) ಕಟ್ಟಲು ಎರಡೂ ಬದಿ ತಿರುಪಿನ ಜಾಗ. ಬೈಕಿನದರಲ್ಲಿ ಅದು ಇರಲ್ಲ. ಡ್ರಿಲ್ ಮಾಡಿ ಹಾಕಿಸ್ತೀನಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಶೆಲ್ಲಿಗೆ ತೂತು ಹೊಡೆದರೆ ಅದರ ಬಲವೇ ಹೋಯಿತು.

ನಿಮ್ಮ ಕಾರಿನಲ್ಲಿ ರೋಲ್ ಕೇಜ್ (ಒಳಗಿನ ಪೈಪಿನ ಪಂಜರ) ಇಲ್ಲ, ಹಾರ್ನೆಸ್ (ಎರಡೂ ಹೆಗಲ ಮೇಲೆ ಹಾಯುವ ರೇಸಿಂಗ್ ಬೆಲ್ಟು) ಇಲ್ಲ. ಹಾಗಾಗಿ ಮೊದಲ ಒಂದೆರಡು ಸಲಕ್ಕೆ ಹೊಸ, ಸರಿಯಾಗಿ ಕೂರುವ ಇಸಿಇ 22.06 ಫುಲ್ ಫೇಸ್ ಸಾಕು ಅನ್ನೋದು ನನ್ನ ಅಭಿಪ್ರಾಯ, ಆಯೋಜಕರು ಒಪ್ಪಿದರೆ ಮಾತ್ರ. ಇವತ್ತೇ ಅವರಿಗೆ ಫೋನ್ ಮಾಡಿ ಕೇಳಿ. ಬೆಳಗ್ಗೆ ಸ್ಕ್ರೂಟಿನಿಯಲ್ಲಿ, ಅಂದ್ರೆ ಕಾರು, ಹೆಲ್ಮೆಟ್ ತಪಾಸಣೆಯಲ್ಲಿ, ಬೇಡ ಅಂದರೆ ಅಷ್ಟು ದೂರ ವಾಪಸ್ ಬರಬೇಕಾಗುತ್ತೆ.

ಬೆಳಗಿನ ಲ್ಯಾಪ್

ಇಸಿಇ ಸಾಕು ಅಂತ ಮೇಲಿನವರು ಹೇಳಿದ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಒಂದು ಸಲ ಹೋದವರು ಅಲ್ಲಿಗೇ ನಿಲ್ಲಿಸಿದ್ದನ್ನು ನಾನು ನೋಡಿಲ್ಲ. ಈಗ 12 ಸಾವಿರದ ಬೈಕ್ ಹೆಲ್ಮೆಟ್, ಆಮೇಲೆ ಮತ್ತೆ ಎಸ್‌ಎ, ಎರಡು ಸಲ ಖರ್ಚು. ನಿಮ್ಮ ಹತ್ತಿರ ದುಡ್ಡಿದೆ, ಮನೆಯವರ ಬೆಂಬಲವೂ ಇದೆ. ಎಸ್‌ಎ ತಗೊಳ್ಳಿ. ಎಷ್ಟೋ ಹೆಲ್ಮೆಟ್‌ಗಳಲ್ಲಿ ಎಸ್‌ಎ2020 ಜೊತೆಗೇ ಎಫ್‌ಐಎ (ಜಗತ್ತಿನ ಕಾರ್ ರೇಸಿಂಗ್ ನೋಡಿಕೊಳ್ಳುವ ಸಂಸ್ಥೆ) 8859-2015 ಚೀಟಿಯೂ ಇರುತ್ತೆ. ಮುಂದೆ ಎಫ್‌ಎಂಎಸ್‌ಸಿಐ (ನಮ್ಮ ದೇಶದ ಮೋಟಾರ್ ಕ್ರೀಡೆಯ ಒಕ್ಕೂಟ) ಲೈಸೆನ್ಸ್ ಮಾಡಿಸಿ ಸ್ಪರ್ಧೆಗೆ ಇಳಿಯೋ ಆಸೆ ಇದ್ದರೆ ಅಂಥದ್ದನ್ನೇ ಹುಡುಕಿ. 8860 ಅನ್ನೋದು ಇನ್ನೂ ಮೇಲಿನ ದರ್ಜೆ, ಫಾರ್ಮುಲಾ ಒನ್‌ನವರು ಹಾಕೋದು, ನಮಗೆ ಬೇಕಿಲ್ಲ.

ಆದರೆ ಚೀಟಿಗಿಂತ ಮುಖ್ಯ ಫಿಟ್ಟಿಂಗ್. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಟೇಪನ್ನು ಹುಬ್ಬಿನಿಂದ ಒಂದು ಬೆರಳು ಮೇಲೆ, ಹಿಂದೆ ತಲೆ ಉಬ್ಬಿರುವ ಕಡೆ ಸುತ್ತಿ ಅಳೆಯಬೇಕು, ಮೂರು ಸಲ ಅಳೆದು ಜಾಸ್ತಿ ಬಂದದ್ದನ್ನು ಹಿಡಿಯಬೇಕು. 59 ಅಂದ್ರೆ ಒಂದು ಕಂಪನಿಗೆ ಎಂ ಸೈಜು, ಇನ್ನೊಂದಕ್ಕೆ ಎಲ್. ಸುತ್ತಳತೆ ಒಂದೇ ಇದ್ದರೂ ತಲೆಯ ಆಕಾರ ಬೇರೆ. ಕೆಲವರದು ಗುಂಡಗೆ, ಕೆಲವರದು ಹಿಂದೆ ಮುಂದೆ ಉದ್ದ. ನನ್ನದು ಉದ್ದ ತಲೆ. ಹೆಸರಾಂತ ಹೆಲ್ಮೆಟ್ ಅಂತ ಹಾಕಿಕೊಂಡು ನೋಡಿದರೆ ಹತ್ತೇ ನಿಮಿಷಕ್ಕೆ ಹಣೆಯ ನಡುವೆ ಸುತ್ತಿಗೆಯಲ್ಲಿ ಒತ್ತಿದ ಹಾಗೆ ನೋವು, ತೆಗೆದಾಗ ನಾಲ್ಕಾಣೆ ಅಗಲದ ಕೆಂಪು ಗುರುತು. ಇದು ಪ್ಯಾಡ್ ಬದಲಾಯಿಸಿದರೆ ಸರಿಹೋಗುವಂಥದ್ದಲ್ಲ. ಶೆಲ್ಲಿನ ಆಕಾರವೇ ನಮ್ಮ ತಲೆಗೆ ಆಗಿಬರಲ್ಲ ಅಂತ ಅರ್ಥ.

ಹೊಸ ಹೆಲ್ಮೆಟ್ ಕೆನ್ನೆಯನ್ನು ಒತ್ತಬೇಕು. ಮಾತಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ಸಿಕ್ಕೋ ಹಾಗಿರಬೇಕು, ಕೆಲವು ದಿನಕ್ಕೆ ಪ್ಯಾಡ್ ಕೂತುಕೊಳ್ಳುತ್ತೆ. ಪಟ್ಟಿ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಹೆಲ್ಮೆಟ್ ಜೊತೆ ಹಣೆಯ ಚರ್ಮವೂ ಎಳೆದುಕೊಂಡು ಬರಬೇಕು. ಹೆಲ್ಮೆಟ್ ಮಾತ್ರ ತಿರುಗಿದರೆ ಸಡಿಲ. ಆಮೇಲೆ ಹಿಂದಿನ ಅಂಚಿಗೆ ಬೆರಳು ಕೊಟ್ಟು ಮುಂದಕ್ಕೆ ಎತ್ತಿ ನೋಡಿ. ತಲೆಯಿಂದ ಕಳಚಿ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ, ಎಂಥ ಚೀಟಿ ಅಂಟಿಸಿದ್ದರೂ ಸರಿಯೇ. ಅರ್ಧ ಗಂಟೆ ಹಾಕಿಕೊಂಡೇ ಕೂತಿರಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಕನ್ನಡಕ ಹಾಕಿಕೊಂಡೇ ನೋಡಿ. ಕಿವಿಯ ಹತ್ತಿರ ಕಡ್ಡಿ ಒತ್ತಿದರೆ ಮೂರನೇ ಲ್ಯಾಪಿಗೆ ತಲೆನೋವು ಶುರು. ನೇರ ಕಡ್ಡಿಯ, ತೆಳು ಫ್ರೇಮಿನ ಹಳೇ ಕನ್ನಡಕ ಇದ್ದರೆ ಅದನ್ನೇ ಟ್ರ್ಯಾಕಿಗೆ ಇಟ್ಟುಕೊಳ್ಳಿ. ಎಸ್‌ಎ ಹೆಲ್ಮೆಟ್‌ಗಳಲ್ಲಿ ಕಣ್ಣಿನ ಕಿಂಡಿ ಬೈಕಿನದಕ್ಕಿಂತ ಚಿಕ್ಕದಿರುತ್ತೆ, ಕನ್ನಡಕ ತೂರಿಸೋದು ಸ್ವಲ್ಪ ಕಷ್ಟ, ಅದಕ್ಕೇ ಹೇಳಿದ್ದು.

ಆಸ್ಟಿನ್ ಕನ್ನಡಿಗ

ನಾನು ಟೆಕ್ಸಸ್‌ನಲ್ಲಿ ಇದ್ದೇನೆ, ಊರು ತುಮಕೂರು. ಇಲ್ಲಿ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಲ್ಲಿ ವರ್ಷಕ್ಕೆ ಎರಡು ಮೂರು ಸಲ ನನ್ನ ಕಾರು ಓಡಿಸುತ್ತೇನೆ. ಒಂದೊಂದು ಕ್ಲಬ್ಬಿಗೆ ಒಂದೊಂದು ನಿಯಮ. ಕೆಲವರು ಸ್ನೆಲ್ ಎಂ ಒಪ್ಪುತ್ತಾರೆ, ಕೆಲವರಿಗೆ ಎಸ್‌ಎ ಬಿಟ್ಟು ಬೇರೇನೂ ಆಗಲ್ಲ. ಪರೀಕ್ಷೆ ಮಾಡುವವರು ಹೊರಗಿನ ಸ್ಟಿಕ್ಕರ್ ಕಡೆ ನೋಡುವುದೂ ಇಲ್ಲ. ಹೆಲ್ಮೆಟ್ ತಿರುಗಿಸಿ, ಒಳಗಿನ ಬಟ್ಟೆಯನ್ನು ಬೆರಳಲ್ಲಿ ಸರಿಸಿ, ಅಡಿಯಲ್ಲಿರುವ ಸ್ನೆಲ್ ಚೀಟಿ ಹುಡುಕುತ್ತಾರೆ. ಅದರ ಮೇಲೆ ನಂಬರ್ ಇರುತ್ತೆ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಊರಿಗೆ ಬಂದಾಗ ನನ್ನ ತಮ್ಮ ತಗೊಂಡಿದ್ದ ಒಂದು ಹೆಲ್ಮೆಟ್ ನೋಡಿದೆ. ಹಿಂಭಾಗದಲ್ಲಿ ದೊಡ್ಡದಾಗಿ ಸ್ನೆಲ್ ಅಂತ ಅಂಟಿಸಿದ್ದರು, ಒಳಗೆ ಲೈನಿಂಗ್ ಬಿಚ್ಚಿದರೆ ಏನೂ ಇರಲಿಲ್ಲ. ಪಾಪ, ಒಂಬತ್ತು ಸಾವಿರ ಕೊಟ್ಟಿದ್ದ. ಒಪ್ಪಿಗೆ ಪಡೆದ ಮಾಡೆಲ್‌ಗಳ ಪಟ್ಟಿ ಸ್ನೆಲ್‌ನವರ ಹತ್ತಿರವೇ ಇದೆ, ದುಡ್ಡು ಕೊಡುವ ಮೊದಲು ಮಾಡೆಲ್ ಹೆಸರು ಅದರಲ್ಲಿ ಇದೆಯಾ ನೋಡಿ.

ಇನ್ನೊಂದು, 2020 ಅಂತ ಬರೆದಿದ್ದರೆ ಅದು ಹೆಲ್ಮೆಟ್ ತಯಾರಾದ ವರ್ಷ ಅಲ್ಲ, ಪರೀಕ್ಷೆಯ ನಿಯಮದ ವರ್ಷ. ತಯಾರಿಕೆಯ ದಿನಾಂಕ ಬೇರೆ ಕಡೆ ಇರುತ್ತೆ. ನಿಯಮ ಐದು ವರ್ಷಕ್ಕೊಮ್ಮೆ ಬದಲಾಗುತ್ತೆ, ಈಗ ಎಸ್‌ಎ2025 ಬಂದಿದೆ. ಹೊಸದು ಬಂದಾಗ ಹಳೇ ನಿಯಮದವನ್ನು ಬೆಲೆ ಇಳಿಸಿ ಮಾರುತ್ತಾರೆ. ಎಸ್‌ಎ2020 ಕಡಿಮೆಗೆ ಸಿಕ್ಕರೆ ಮೋಸ ಅಂತ ಅಂದುಕೊಳ್ಳಬೇಡಿ, ಆದರೆ ನೀವು ಹೋಗುವ ಕಡೆ ಅದು ಇನ್ನೆಷ್ಟು ವರ್ಷ ನಡೆಯುತ್ತೆ ಕೇಳಿಕೊಳ್ಳಿ. ಯಾರಾದರೂ ಇಲ್ಲಿಂದ ಬರುವವರಿದ್ದರೆ ತರಿಸಬಹುದು. ಚೆಕ್ ಇನ್ ಬ್ಯಾಗಿಗೆ ಹಾಕದೆ ಕೈಯಲ್ಲೇ ತರಲಿ. ಅಳತೆ ಮಾತ್ರ ಅಲ್ಲೇ ಅದೇ ಕಂಪನಿಯದನ್ನು ತಲೆಗೆ ಹಾಕಿ ನೋಡಿ ಹೇಳಿ, ಅಂದಾಜಿನಲ್ಲಿ ತರಿಸಬೇಡಿ.

ಕೆಂಪು ಹ್ಯಾಚ್‌ಬ್ಯಾಕ್

ಇಷ್ಟೊಂದು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆಯೋಜಕರಿಗೆ ಫೋನ್ ಮಾಡಿದೆ, ಇಸಿಇ ಫುಲ್ ಫೇಸ್ ಆದರೂ ಆಗುತ್ತೆ, ಐಎಸ್‌ಐ ಮಾತ್ರ ಇದ್ದರೆ ಆಗಲ್ಲ ಅಂದರು. ಒಂದು ಪ್ರಶ್ನೆ. ಎಸ್‌ಎ ತಗೊಂಡರೆ ಹಾನ್ಸ್ ಕೂಡ ಈಗಲೇ ತಗೋಬೇಕಾ?

ಬೆಳಗಿನ ಲ್ಯಾಪ್

ಬೇಡ. ಹಾನ್ಸ್ ಅನ್ನೋದು ಹೆಗಲ ಮೇಲೆ ಕೂರುವ, ಹೆಲ್ಮೆಟ್ಟಿಗೆ ಕಟ್ಟುವ ಗಟ್ಟಿ ಕಾಲರ್, ಅದನ್ನು ಹೆಗಲಿಗೆ ಒತ್ತಿ ಹಿಡಿಯೋದು ಹಾರ್ನೆಸ್ಸಿನ ಎರಡು ಬೆಲ್ಟು. ನಿಮ್ಮ ಕಂಪನಿ ಬೆಲ್ಟು ಒಂದೇ ಹೆಗಲ ಮೇಲೆ ಹಾಯುತ್ತೆ, ಅದರಲ್ಲಿ ಹಾನ್ಸ್ ಕೆಲಸವೇ ಮಾಡಲ್ಲ. ಹಾಗಂತ ಬರೀ ಹಾರ್ನೆಸ್ ಹಾಕಿಸೋಕೆ ಹೋಗಬೇಡಿ. ಹಾರ್ನೆಸ್ ಎದೆ, ಹೆಗಲನ್ನು ಸೀಟಿಗೆ ಕಟ್ಟಿಬಿಡುತ್ತೆ, ಗೋಡೆಗೆ ಗುದ್ದಿದಾಗ ತಲೆ ಒಂದೇ ಮುಂದಕ್ಕೆ ಚಿಮ್ಮುತ್ತೆ, ಎಳೆತವೆಲ್ಲ ಕುತ್ತಿಗೆ ಮತ್ತು ಬುರುಡೆಯ ಬುಡಕ್ಕೆ. 2001ರಲ್ಲಿ ಡೇಟೋನಾದಲ್ಲಿ ಅಮೆರಿಕದ ರೇಸರ್ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡಿದ್ದು ಬುರುಡೆಯ ಬುಡ ಮುರಿದೇ. ಅದೇ ವರ್ಷ ಅಲ್ಲಿ ಕಾರ್ ರೇಸ್ ನಡೆಸುವ ನಾಸ್ಕಾರ್ ತಲೆ ಹಿಡಿಯುವ ಸಾಧನ ಕಡ್ಡಾಯ ಮಾಡಿತು, 2003ರಲ್ಲಿ ಫಾರ್ಮುಲಾ ಒನ್ ಕೂಡ. ಸೀಟು, ಕೇಜು, ಹಾರ್ನೆಸ್, ಹಾನ್ಸ್, ಹಾಕಿಸಿದರೆ ನಾಲ್ಕೂ ಒಟ್ಟಿಗೆ. ಇಲ್ಲದಿದ್ದರೆ ಕಂಪನಿ ಬೆಲ್ಟು, ಕಂಪನಿ ಏರ್‌ಬ್ಯಾಗೇ ವಾಸಿ, ಅವೆರಡನ್ನೂ ಒಂದಕ್ಕೊಂದು ಹೊಂದಿಸಿಯೇ ಮಾಡಿರುತ್ತಾರೆ.

ಇದೇ ಕಾರಣಕ್ಕೆ ತೂಕ ನೋಡಿ. ಹೆಲ್ಮೆಟ್ಟಿನ ತೂಕವೂ ಕುತ್ತಿಗೆಯ ಮೇಲೇ ತಾನೇ. ಎರಡು ಹೆಲ್ಮೆಟ್ ಒಂದೇ ಥರ ಕೂತರೆ ಹಗುರ ಇರುವುದನ್ನೇ ಆರಿಸಿ.

ಕೆಂಪು ಹ್ಯಾಚ್‌ಬ್ಯಾಕ್

ಶನಿವಾರ ಹೆಲ್ಮೆಟ್ ಅಂಗಡಿಗೆ ಹೋಗಿ ಬಂದೆ. ಐದು ಹೆಲ್ಮೆಟ್ ಹಾಕಿ ನೋಡಿದೆ. ಮೊದಲು ಇಷ್ಟಪಟ್ಟಿದ್ದು ಎಲ್ ಸೈಜು, ಆರಾಮಾಗಿತ್ತು, ಆದರೆ ಹಿಂದಿನಿಂದ ಎತ್ತಿದಾಗ ಹುಬ್ಬಿನವರೆಗೆ ಜಾರಿತು. ಕೊನೆಗೆ ಒಂದು ಎಸ್‌ಎ2020, ಎಂ ಸೈಜು. ಲೈನಿಂಗ್ ಅಡಿಯಲ್ಲಿ ಚೀಟಿ ಇದೆ, ಮಾಡೆಲ್ ಪಟ್ಟಿಯಲ್ಲಿಯೂ ಇದೆ. ಅಂದುಕೊಂಡದ್ದಕ್ಕಿಂತ ಎಂಟು ಸಾವಿರ ಜಾಸ್ತಿ ಆಯಿತು. 35 ನಿಮಿಷ ಹಾಕಿಕೊಂಡಿದ್ದೆ, ಹಣೆಯಲ್ಲಿ ಗುರುತು ಬೀಳಲಿಲ್ಲ.

ಮನೆಗೆ ಬಂದು ಕಾರಿನಲ್ಲಿ ಕೂತಾಗ ಇನ್ನೊಂದು ತೊಂದರೆ. ಹೆಲ್ಮೆಟ್ಟಿನ ಹಿಂಭಾಗ ಹೆಡ್‌ರೆಸ್ಟಿಗೆ ತಾಗಿ ಗಲ್ಲ ಎದೆ ಕಡೆ ಬಾಗುತ್ತೆ, ಮೇಲೆ ರೂಫಿಗೂ ಒಂದೇ ಬೆರಳು ಜಾಗ. ಹೆಡ್‌ರೆಸ್ಟ್ ಕಿತ್ತುಬಿಡ್ಲಾ?

ಮೂರನೇ ಗೇರ್, ಮೈಸೂರು

ಅಯ್ಯೋ, ಕೀಳಬೇಡಿ. ಹಿಂದಿನಿಂದ ಗುದ್ದಿದರೆ, ಅಥವಾ ಕಾರು ತಿರುಗಿ ಹಿಂಬದಿಯಿಂದ ಗೋಡೆಗೆ ಹೋದರೆ ತಲೆಯನ್ನು ತಡೆಯೋಕೆ ಇರುವುದು ಅದೊಂದೇ. ಮೊದಲು ಸೀಟಿನ ಎತ್ತರ ಪೂರ್ತಿ ಇಳಿಸಿ. ಬೆನ್ನಿನ ಭಾಗವನ್ನು ಒಂದೆರಡು ಹಲ್ಲು ಮಾತ್ರ ಹಿಂದಕ್ಕೆ ಒರಗಿಸಿ, ಅಷ್ಟೇ ಪ್ರಮಾಣದಲ್ಲಿ ಇಡೀ ಸೀಟನ್ನು ಮುಂದಕ್ಕೆ ತನ್ನಿ. ಬೆನ್ನು ಸೀಟಿಗೆ ಅಂಟಿಕೊಂಡಿರುವಾಗ ಮಣಿಕಟ್ಟು ಸ್ಟೀರಿಂಗ್‌ನ ಮೇಲಿನ ಅಂಚಿಗೆ ಎಟುಕಬೇಕು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಹೆಲ್ಮೆಟ್ ಹಾಕಿಕೊಂಡೇ ಇದನ್ನೆಲ್ಲ ಹೊಂದಿಸಿ, ಬೆಲ್ಟು ಕಟ್ಟಿ, ಎರಡೂ ಕಡೆಯ ಕನ್ನಡಿ ಕಾಣುತ್ತಾ ನೋಡಿ. ಕನ್ನಡಿಗಳನ್ನೂ ಹೊಸದಾಗಿ ತಿರುಗಿಸಬೇಕಾಗುತ್ತೆ. ರೂಫಿಗೆ ಎರಡು ಬೆರಳು ಜಾಗ ಸಿಕ್ಕಿದ ಮೇಲೆ ಹೇಳಿ.

ಕೆಂಪು ಹ್ಯಾಚ್‌ಬ್ಯಾಕ್

ಮಾಡಿದೆ ಸಾರ್. ಎರಡು ಹಲ್ಲು ಒರಗಿಸಿದ್ದಕ್ಕೆ ಗಲ್ಲ ನೇರವಾಯಿತು, ರೂಫಿಗೂ ಎರಡು ಬೆರಳು ಸಿಕ್ಕಿತು. ಸೀಟಿನ ಜಾಗ ಮರೆಯದಿರಲಿ ಅಂತ ಹಳಿಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟಿದ್ದೇನೆ.