ಪದ ಬೇಕು: ಸೋನಾರ್ ಹಡಗಿನ 'ಸ್ವಾತ್'

(ಕೋಲಾರದಿಂದ)
ಗೆಳೆಯರೇ, ನಾಳೆ ಸಂಜೆಯೊಳಗೆ ಎರಡು ಪದ ಬೇಕು. ಇಲ್ಲಿನ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಕಡಲತಳದ ನಕ್ಷೆಯ ಬಗ್ಗೆ ಫಲಕ ಅನುವಾದಿಸುತ್ತಿದ್ದೇನೆ. ಬರೆಯುವವರು ಆಗಲೇ ಬಣ್ಣ ಕಲಸಿ ಕುಳಿತಿದ್ದಾರೆ. ಹಡಗಿನ ತಳದಲ್ಲಿರುವ ಸೋನಾರ್ ನೂರಾರು ಶಬ್ದಕಿರಣಗಳನ್ನು ಬೀಸಣಿಗೆಯಂತೆ ಅಡ್ಡಕ್ಕೆ ಹರಡುತ್ತದೆ. ಮರುದನಿ ಬರಲು ಹಿಡಿದ ಹೊತ್ತೇ ಆಳದ ಲೆಕ್ಕ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಹಾಗಾಗಿ 4,500 ಮೀಟರ್ ಆಳಕ್ಕೆ ಹೋಗಿಬರಲು ಆರು ಸೆಕೆಂಡು. ಹಡಗು ಒಮ್ಮೆ ಸಾಗಿದಾಗ ಅಳತೆಗೆ ಸಿಗುವ ತಳದ ಭಾಗವೇ ಸ್ವಾತ್. ಆಳದ ಮೂರು ನಾಲ್ಕು ಪಟ್ಟು ಅಗಲವಿರುತ್ತದೆ. 'ವ್ಯಾಪ್ತಿ' ಎಂದರೆ ಸಪ್ಪೆಯಾಗುತ್ತದೆ. ಎರಡನೆಯದು ಫ್ಯಾದಮ್. 1875ರಲ್ಲಿ ಕಡಲ ಸಂಶೋಧನೆಗೆ ಹೊರಟಿದ್ದ ಬ್ರಿಟನ್ನಿನ ಚಾಲೆಂಜರ್ ಹಡಗಿನವರು ಭಾರ ಕಟ್ಟಿದ ಹಗ್ಗ ಇಳಿಬಿಟ್ಟು ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ಬಳಿ 4,475 ಫ್ಯಾದಮ್ ಅಳೆದರು ಎಂಬ ಸಾಲಿದೆ.

(ತಿಪಟೂರಿನಿಂದ)
ಫ್ಯಾದಮ್ ಎಂದರೆ ಮಾರು. ಇದಕ್ಕೂ ಪ್ರಶ್ನೆಯೇ? ಎರಡು ಕೈ ಚಾಚಿದರೆ ಬೆರಳ ತುದಿಯಿಂದ ತುದಿಗೆ ಒಂದು ಮಾರು, ಆರು ಅಡಿ. ಅವರ ಪದದ ಹುಟ್ಟೂ ಚಾಚಿದ ತೋಳೇ. ನಿಮ್ಮ ಬಸ್ ನಿಲ್ದಾಣದ ಹೂವಿನವರನ್ನು ಕೇಳಿದ್ದರೆ ಸಾಕಿತ್ತು. ಸೋನಾರ್ ಎಂಬುದು ಇಂಗ್ಲಿಷ್ ಪದಗಳ ತುಣುಕು ಜೋಡಿಸಿದ ಹೆಸರು, ಅದನ್ನು ಕೈಬಿಡಿ. ಮಾರಿನಿಂದ ಅಳೆದವರು ಈಗ ಮಾರ್ದನಿಯಿಂದ ಅಳೆಯುತ್ತಿದ್ದಾರೆ. ಎರಡರಲ್ಲೂ ಇರುವುದು ಒಂದೇ ಮಾರು. ಆದ್ದರಿಂದ 'ಮಾರ್ದನಿಯಳಕ' ಎಂದು ಬರೆಸಿ. 'ಸಮುದ್ರ', 'ನಕ್ಷೆ' ಕೂಡ ಬೇಡ. ಅಚ್ಚಗನ್ನಡದಲ್ಲಿ 'ಕಡಲಡಿ' ಇದೆ.

(ಚಿಂತಾಮಣಿಯಿಂದ)
ಒಂದೇ ಮಾರು ಅಲ್ಲ. ಮಾರ್ದನಿಯ 'ಮಾರ್' ಎಂದರೆ ಪ್ರತಿ, ಎದುರು. ಮಾರ್ನುಡಿ, ಮಾರುತ್ತರ ನೋಡಿ. ತೋಳಳತೆಗೂ ಅದಕ್ಕೂ ನಂಟಿಲ್ಲ. ಇನ್ನು ನಿಮ್ಮ ಅಚ್ಚಗನ್ನಡದ 'ದನಿ' ಸಂಸ್ಕೃತದ ಧ್ವನಿಯ ತದ್ಭವ. 'ಕಡಲಡಿ' ಎಂದು ಬರೆದರೆ ಸಾವಿರದೈನೂರು ಅಡಿ ಕೊಳವೆಬಾವಿ ಕೊರೆಸಿದ ನಮ್ಮ ಸೀಮೆಯ ಮಕ್ಕಳು 'ಎಷ್ಟು ಅಡಿ?' ಎಂದೇ ಕೇಳುತ್ತಾರೆ.

ಸ್ವಾತ್‌ಗೆ 'ಪಟ್ಟೆ' ಎನ್ನಿ. ಇಂಗ್ಲಿಷಿನಲ್ಲಿ ಅದು ಹುಲ್ಲು ಕೊಯ್ಯುವವನ ಒಂದು ಬೀಸಿನ ಅಗಲ. ಹೊಲದಿಂದ ಬಂದ ಪದಕ್ಕೆ ಹೊಲದ ಹೋಲಿಕೆಯೇ ಒಗ್ಗುತ್ತದೆ. ಹಳೆಯ ಒಂಟಿಕಿರಣದ ಯಂತ್ರ ನೇಗಿಲಿನಂತೆ, ಹೋದ ದಾರಿಯುದ್ದಕ್ಕೂ ಒಂದೇ ಗೆರೆ. ಈಗಿನದು ಕೂರಿಗೆ. ರಾಗಿ ಬಿತ್ತುವಾಗ ಒಂದು ಸುತ್ತಿಗೆ ಹನ್ನೆರಡು ಸಾಲು ಬೀಳುತ್ತಿದ್ದವು. ಹೊಲದ ಕೊನೆಯಲ್ಲಿ ಎತ್ತು ತಿರುಗಿಸಿ, ಹಿಂದಿನ ಪಟ್ಟೆಯ ಅಂಚು ಹಿಡಿದೇ ನಮ್ಮಪ್ಪ ಮರಳುತ್ತಿದ್ದರು. ಹಡಗು ಮಾಡುವುದೂ ಅದನ್ನೇ.

(ತಿಪಟೂರಿನಿಂದ)
ತದ್ಭವವೆಂದರೆ ಪಳಗಿಸಿಕೊಂಡದ್ದು, ಸೋನಾರ್ ಹೇರಿಕೊಂಡದ್ದು. ಆ ಭೇದ ತಿಳಿಯದವರ ಜೊತೆ ವಾದವಿಲ್ಲ.

(ಚಿಂತಾಮಣಿಯಿಂದ)
ಜಮೀನು ಪಾರಸಿ, ತಕರಾರು ಅರಬ್ಬಿ. ಜಮೀನಿನ ತಕರಾರಿಗೆ ನಮ್ಮ ಊರಿನಲ್ಲಿ ಯಾರೂ ನಿಘಂಟು ತೆರೆದಿಲ್ಲ. ವಾದ ಬೇಡವೆಂದಿರಿ, ಒಳ್ಳೆಯದು.

(ಕೋಲಾರದಿಂದ)
ಪಟ್ಟೆ, ಮಾರು ಎರಡನ್ನೂ ಬರೆಸಿದೆ. ಸೋನಾರ್ ಹಾಗೆಯೇ ಉಳಿಯಿತು, ತಿಪಟೂರಿನವರು ಮನ್ನಿಸಬೇಕು. '4,475 ಮಾರು' ಓದಿದ ಬರೆಯುವವರು ಕುಂಚ ಕೆಳಗಿಟ್ಟು ಕೈ ಚಾಚಿ ನೋಡಿಕೊಂಡರು. ಈಗ ಇನ್ನೊಂದು ತೊಡಕು: ಅಕ್ಕಪಕ್ಕದ ಪಟ್ಟೆಗಳು ಒಂದರ ಮೇಲೊಂದು ಬೀಳುವ ಆ ಅಂಚಿಗೆ ಏನೆನ್ನೋಣ? ಫಲಕದಲ್ಲಿ ಎರಡಿಂಚು ಜಾಗವಿದೆ.