ಮರುಭೂಮಿಯ ನದಿಯಲ್ಲಿ ಸಣ್ಣ ಮೋಟಾರು ದೋಣಿ: ಅಣೆಕಟ್ಟುಗಳಿಗೆ ಮೊದಲು ಹೇಗೆ ಸಾಗುತ್ತಿದ್ದರು?

ಪ್ರಶ್ನೆ (ಶಹಾಪುರದಿಂದ)

ಅಮೆರಿಕದ ಯೂಟಾ ರಾಜ್ಯದಲ್ಲಿ ಹರಿಯುವ ಗ್ರೀನ್ ಮತ್ತು ಕೊಲೊರಾಡೊ ನದಿಗಳಲ್ಲಿ 1950ರ ದಶಕದಲ್ಲಿಯೇ ಜನರು ಸಣ್ಣ ಮೋಟಾರು ದೋಣಿಗಳಲ್ಲಿ ಬಹುದೂರ ಪ್ರಯಾಣಿಸುತ್ತಿದ್ದರಂತೆ. ಬೇಸಿಗೆ ಬಂತೆಂದರೆ ನಮ್ಮ ಭೀಮೆಯಲ್ಲಿ ಹರಿಗೋಲು ಕೂಡ ಉಸುಕಿಗೆ ತಾಗುತ್ತದೆ. ಹಾಗಿರುವಾಗ ಮಳೆಯೇ ಅಪರೂಪವಾದ ಸೀಮೆಯಲ್ಲಿ ಎಂಜಿನ್ ಓಡುವಷ್ಟು ನೀರು ಎಲ್ಲಿಂದ ಬರುತ್ತಿತ್ತು, ಆಳವನ್ನು ಹೇಗೆ ತಿಳಿಯುತ್ತಿದ್ದರು? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಯಾದಗಿರಿಯಿಂದ)

ಸರ್, ಆ ನದಿಗಳು ಮರುಭೂಮಿಯಲ್ಲಿ ಹರಿಯುತ್ತವೆಯೇ ಹೊರತು ಅಲ್ಲಿ ಹುಟ್ಟುವುದಿಲ್ಲ. ರಾಕಿ ಪರ್ವತಗಳ ಹಿಮ ಕರಗಿ ಮೇ, ಜೂನ್ ತಿಂಗಳುಗಳಲ್ಲಿ ನೀರು ಏರುತ್ತದೆ. ನಮ್ಮ ಭೀಮೆ ಸೊರಗುವ ಹೊತ್ತಿಗೆ ಅಲ್ಲಿ ಮಹಾಪೂರ. ‘ಫ್ರೆಂಡ್‌ಶಿಪ್ ಕ್ರೂಸ್’ ಎಂಬ ಸಾಮೂಹಿಕ ದೋಣಿಯಾನವನ್ನು ಮೇ ಕೊನೆಯಲ್ಲಿ ಇಟ್ಟುಕೊಳ್ಳುತ್ತಿದ್ದುದು ಈ ನೀರಿಗೆ ಹೊಂದುತ್ತಿತ್ತು. ಗ್ರೀನ್ ರಿವರ್ ಎಂಬ ಊರಿನಿಂದ ಸುಮಾರು 120 ಮೈಲಿ ಇಳಿದು, ಸಂಗಮದಲ್ಲಿ ತಿರುಗಿ, ಕೊಲೊರಾಡೊ ನದಿಯಲ್ಲಿ 60ಕ್ಕೂ ಹೆಚ್ಚು ಮೈಲಿ ಸೆಳವಿಗೆ ಎದುರಾಗಿ ಮೋಆಬ್ ಊರಿಗೆ ಏರುವ ದಾರಿಯದು.

ನೀರು ಕೆಂಪು ಕೆಸರಾಗಿರುತ್ತಿದ್ದುದರಿಂದ ತಳ ಕಾಣುತ್ತಿರಲಿಲ್ಲ, ಮೇಲಿನ ಅಲೆಗಳನ್ನು ನೋಡಿಯೇ ಆಳವನ್ನು ಅಂದಾಜು ಮಾಡಬೇಕಿತ್ತು. ತಿರುವಿನಲ್ಲಿ ಸೆಳವು ಹೊರದಂಡೆಯನ್ನು ಕೊರೆಯುವುದರಿಂದ ಅಲ್ಲಿ ಮಡುವು, ಒಳದಂಡೆಯಲ್ಲಿ ಉಸುಕು. ಇದು ಕೃಷ್ಣೆಯ ಅಂಬಿಗರಿಗೆ ಹೊಸ ಪಾಠವೇನಲ್ಲ. ನಿಜವಾದ ಕಷ್ಟವಿರುವುದು ಎರಡು ತಿರುವುಗಳ ನಡುವೆ, ಏಕೆಂದರೆ ಸೆಳವು ಒಂದು ದಂಡೆಯಿಂದ ಇನ್ನೊಂದಕ್ಕೆ ದಾಟುವಾಗ ನೀರು ಹರಡಿ ತೆಳುವಾಗುತ್ತದೆ, ಅಲ್ಲಿನ ಉಸುಕಿನ ದಿಬ್ಬಗಳು ಪ್ರತಿ ಪೂರಕ್ಕೂ ಜಾಗ ಬದಲಿಸುವುದರಿಂದ ನಕ್ಷೆಯೂ ನೆರವಿಗೆ ಬರುವುದಿಲ್ಲ. ಏರುವಾಗ ಸಿಕ್ಕಿಕೊಂಡ ದೋಣಿಯನ್ನು ಸೆಳವೇ ಹಿಂದಕ್ಕೆ ಬಿಡಿಸಿ ಕೊಡುತ್ತದೆ. ಇಳಿಯುವಾಗ ಸಿಕ್ಕಿಕೊಂಡರೆ ಅದೇ ಸೆಳವು ದಿಬ್ಬದ ಮೇಲಕ್ಕೆ ಇನ್ನಷ್ಟು ತಳ್ಳುತ್ತದೆ. ಆಗ ನೀರಿಗಿಳಿದು ನೂಕುವುದೊಂದೇ ದಾರಿ.

ಉತ್ತರ 2 (ಕಲಬುರಗಿಯಿಂದ)

ಎಂಜಿನ್ ವಿಷಯವನ್ನು ನಾನು ಸೇರಿಸುತ್ತೇನೆ. ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಆ ಕಾಲದ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನ್ನುಗಳಲ್ಲಿ ಪ್ರೊಪೆಲ್ಲರನ್ನು ದಂಡಕ್ಕೆ ಹಿಡಿದಿಡಲು ಶಿಯರ್ ಪಿನ್ ಎಂಬ ಮೆತ್ತನೆಯ ಲೋಹದ ತುಂಡು ಇರುತ್ತಿತ್ತು. ಬಂಡೆಗೆ ಬಡಿದರೆ ಅದು ಮುರಿದು ಗಿಯರನ್ನು ಉಳಿಸುತ್ತಿತ್ತು, ಆದರೆ ಹೊಸದನ್ನು ಹಾಕುವವರೆಗೆ ದೋಣಿ ಸೆಳವಿನ ಪಾಲು. ಹೀಗಾಗಿ ಹೆಚ್ಚುವರಿ ಪಿನ್ನು, ಪ್ರೊಪೆಲ್ಲರುಗಳ ಜೊತೆಗೆ ಹುಟ್ಟನ್ನೂ ಒಯ್ಯುವುದು ಜಾಣತನವಾಗಿತ್ತು. ಇದಕ್ಕಿಂತ ಕೆಟ್ಟ ಶತ್ರು ಹೂಳು. ಎಂಜಿನ್ ತಣ್ಣಗಾಗುವುದು ನದಿಯ ನೀರಿನಿಂದಲೇ ಆದ್ದರಿಂದ, ಅದರಲ್ಲಿನ ಉಸುಕು ಪಂಪಿನ ರಬ್ಬರ್ ಚಕ್ರವನ್ನು ಸವೆಸುತ್ತದೆ, ನೀರು ನಿಂತರೆ ಎಂಜಿನ್ ಕಾದು ಜಾಮ್ ಆಗುತ್ತದೆ. ದಾರಿಯಲ್ಲಿ ಊರುಗಳಿರಲಿಲ್ಲವಾದ್ದರಿಂದ ಪೆಟ್ರೋಲನ್ನು ಡಬ್ಬಗಳಲ್ಲಿ ಹೊರಬೇಕಿತ್ತು, ಆ ಭಾರಕ್ಕೆ ದೋಣಿ ಇನ್ನಷ್ಟು ಕೆಳಗೆ ಕೂರುತ್ತಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆದರೆ ಬಂಡೆಗಳ ನಡುವಿನ ಭೋರ್ಗರೆತವೇ ಮುಖ್ಯ ಅಪಾಯವೆಂದು ನಾನು ತಿಳಿದಿದ್ದೆ. ಅದರ ಬಗ್ಗೆ ಯಾರೂ ಬರೆಯಲಿಲ್ಲವಲ್ಲ?

ಉತ್ತರ 3 (ಬೀದರಿನಿಂದ)

ಮೇಲಿನ ದಾರಿಯಲ್ಲಿ ಅದು ಬಹುಮಟ್ಟಿಗೆ ಇಲ್ಲ. ಸಂಗಮದಲ್ಲಿ ಎಡಕ್ಕೆ ತಿರುಗುವುದನ್ನು ಮರೆತು ಕೆಲವೇ ಮೈಲಿ ಮುಂದೆ ಹೋದರೆ ಮಾತ್ರ ಕ್ಯಾಟರಾಕ್ಟ್ ಕಣಿವೆಯ ರಭಸ ಶುರುವಾಗುತ್ತದೆ. ಅದಕ್ಕೂ ಬಹಳ ಕೆಳಗಿರುವ ಗ್ರ್ಯಾಂಡ್ ಕ್ಯಾನ್ಯನ್ ಬೇರೆಯೇ ಮಾತು: ಪಕ್ಕದ ಕಣಿವೆಗಳ ದಿಢೀರ್ ಪೂರ ತಂದು ಸುರಿದ ಬಂಡೆಗಳೇ ಅಲ್ಲಿ ನದಿಯನ್ನು ಅಡ್ಡಗಟ್ಟಿ ಅಬ್ಬರ ಎಬ್ಬಿಸುತ್ತವೆ. 1869ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ಅವರ ತಂಡ ಹುಟ್ಟು ಹಾಕುತ್ತ ಅದನ್ನು ದಾಟಿತು. ಮೋಟಾರು ದೋಣಿಯಲ್ಲಿ ಇಳಿಯುವುದಕ್ಕೆ 1949 ಬರಬೇಕಾಯಿತು, ಎಡ್ ಹಡ್ಸನ್ ಅದನ್ನು ಸಾಧಿಸಿದರು. ಅಲ್ಲಿ ಮೇಲಕ್ಕೆ ಏರಿದ್ದು 1960ರಲ್ಲಿ, ಅದೂ ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಜೆಟ್ ದೋಣಿಗಳಿಂದ. ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸಿ ಸಾಗುವ ಅವುಗಳಿಗೆ ತಳದಡಿ ಪ್ರೊಪೆಲ್ಲರೇ ಇಲ್ಲ. 1963ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿಗಿಂತ ಮೇಲೆ, ಇದೇ ನದಿಗೆ ಕಟ್ಟಿದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲು ಮುಚ್ಚಿದ ಮೇಲೆ ಅದರ ಕೆಳಗಿನ ನೀರು ತಣ್ಣಗೆ, ತಿಳಿಯಾಗಿ ಹರಿಯತೊಡಗಿತು, ಹಿಂದಿನ ಮಹಾಪೂರವೂ ನಿಂತಿತು.