ಅಂಡಮಾನ್ ಟ್ರಿಪ್‌ಗೆ ನೈಟ್ರಾಕ್ಸ್ ಕೋರ್ಸ್ ಬೇಕಾ?

ನೀರ್‌ದೋಸೆ:
ಗುರುಗಳೇ ಒಂದು ಡೌಟು. ಹೋದ ಸೀಸನ್‌ನಲ್ಲಿ ನೇತ್ರಾಣೀಲಿ ಓಪನ್ ವಾಟರ್ (ಸ್ಕೂಬಾ ಡೈವಿಂಗ್‌ನ ಮೊದಲ ಕೋರ್ಸ್) ಮುಗಿಸ್ದೆ, ಒಟ್ಟು 9 ಡೈವ್ ಆಗಿದೆ. ಜನವರಿಗೆ ಹ್ಯಾವ್‌ಲಾಕ್, 4 ದಿನ. ಅಲ್ಲಿಯವ್ರು ನೈಟ್ರಾಕ್ಸ್ ಕೋರ್ಸೂ ಮಾಡ್ಕೊಳ್ಳಿ ಅಂತಿದಾರೆ. ನೈಟ್ರಾಕ್ಸ್ ಅಂದ್ರೆ ಆಕ್ಸಿಜನ್ ಜಾಸ್ತಿ ಇರೋ ಗಾಳಿ, ಅದ್ರಿಂದ ಇನ್ನೂ ಆಳಕ್ಕೆ ಹೋಗ್ಬೋದು, ಸಿಲಿಂಡರೂ ಜಾಸ್ತಿ ಹೊತ್ತು ಬರುತ್ತೆ ಅಂತ ನನ್ ಫ್ರೆಂಡ್ ಹೇಳ್ತಾನೆ. ನಿಜಾನಾ, ದುಡ್ಡು ಕೀಳೋ ಪ್ಲಾನಾ?

ಅಲೆಮನೆ:
ನಿಮ್ ಫ್ರೆಂಡ್ ಹೇಳಿದ್ದು ಎರಡೂ ತಪ್ಪು. ಅದು ಆಳಕ್ಕೆ ಹೋಗೋಕಲ್ಲ, ಅದೇ ಆಳದಲ್ಲಿ ಜಾಸ್ತಿ ಹೊತ್ತು ಇರೋಕೆ. ಎಷ್ಟು ಹೊತ್ತು ಇರ್ಬೋದು ಅನ್ನೋದು ಮೈಗೆ ಸೇರೋ ನೈಟ್ರೋಜನ್ ಮೇಲೆ. ಮಾಮೂಲಿ ಗಾಳೀಲಿ ಆಕ್ಸಿಜನ್ 21%, ಇದ್ರಲ್ಲಿ 32 ಇಲ್ಲಾ 36, ನೈಟ್ರೋಜನ್ ಅಷ್ಟು ಕಮ್ಮಿ ಆಯ್ತಲ್ಲ, 30 ಮೀಟರ್‌ನಲ್ಲಿ 32 ಉಸಿರಾಡ್ತಿದ್ರೆ ನೈಟ್ರೋಜನ್ ಲೆಕ್ಕಕ್ಕೆ ಗಾಳೀಲಿ ಸುಮಾರು 24 ಮೀಟರ್‌ನಲ್ಲಿ ಇದ್ದಂಗೆ. ಆದ್ರೆ ಆಳ ಜಾಸ್ತಿ ಆದ್ರೆ ಆಕ್ಸಿಜನ್ನೇ ವಿಷ. ನೀರೊಳಗೆ ಫಿಟ್ಸ್ ಬಂದು ಉಸಿರಾಡೋ ರೆಗ್ಯುಲೇಟರ್ ಬಾಯಿಂದ ಬಿತ್ತು ಅಂದ್ರೆ ಕಥೆ ಮುಗೀತು, ಮುಂಚೆ ಸೂಚನೆ ಕೊಡುತ್ತೆ ಅಂತ ಗ್ಯಾರಂಟಿನೂ ಇಲ್ಲ. ಅದಕ್ಕೇ ಆಕ್ಸಿಜನ್ ಒತ್ತಡಕ್ಕೆ 1.4 ಬಾರ್ ಮಿತಿ, ಅಂದ್ರೆ 32ಕ್ಕೆ 33 ಮೀಟರ್, 36ಕ್ಕೆ 28. ಸಿಲಿಂಡರ್ ಖಾಲಿಯಾಗೋದು ನೀವು ಉಸಿರಾಡೋ ಸ್ಪೀಡಿಗೆ, ಒಳಗೆ ಏನಿದ್ರೂ ಅಷ್ಟೇ.

ತೆಂಕಣಗಾಳಿ:
ಮಾರಾಯ್ರೆ, ಆ ಕೋರ್ಸಲ್ಲಿ ಅನಲೈಸರ್ (ಸಿಲಿಂಡರಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯೋದು) ಹಿಡಿಯೋದು ಸರಿಯಾಗಿ ಕಲೀರಿ, ಉಳಿದದ್ದು ಆಮೇಲೆ. ನಾನು ಕಲ್ತ ವಾರವೇ ಒಂದು ಕಡೆ ಸಿಲಿಂಡರ್ ಮೇಲಿನ ಟೇಪಲ್ಲಿ 32 ಅಂತ ಬರ್ದಿತ್ತು, ಬೋಟಿನವ ಬೇಗ ಬೇಗ ಅಂತ ಬೊಬ್ಬೆ ಹೊಡೀತಿದ್ದ, ನಾನೂ ಹಾಗೇ ಹಾಕ್ಕೊಳ್ಳೋಕೆ ಹೊರಟಿದ್ದೆ, ಜೊತೆಗಿದ್ದ ಒಬ್ರು ಅಕ್ಕ ಬಿಡ್ಲಿಲ್ಲ. ಅನಲೈಸರನ್ನ ಮೊದ್ಲು ಬರೀ ಗಾಳೀಲಿ 20.9ಕ್ಕೆ ಸೆಟ್ ಮಾಡಿ, ವಾಲ್ವ್ ಚೂರೇ ಚೂರು ತಿರುಗಿಸಿ, ಸುಯ್ ಅಂತ ಬಿಟ್ಕೊಂಡು ನಂಬರ್ ನಿಲ್ಲೋವರೆಗೆ ಕಾದ್ವಿ, ನೋಡಿದ್ರೆ 35.8! ಟೇಪು ಹಳೇದು. ಅದ್ರಲ್ಲಿ 33 ಮೀಟರ್ ಇಳಿದಿದ್ರೆ 1.5 ದಾಟಿ ಹೋಗ್ತಿತ್ತು. ಆ ಟೇಪ್ ಕಿತ್ತು ಹೊಸದ್ರಲ್ಲಿ ನಂಬರು, ಆಳದ ಮಿತಿ, ತಾರೀಕು, ಇನಿಶಿಯಲ್ ಎಲ್ಲಾ ನಾನೇ ಬರ್ದೆ. ಈಗ ಯಾರ ಕೈಬರಹವನ್ನೂ ನಂಬೋದಿಲ್ಲ.

ನೀರ್‌ದೋಸೆ:
ಅಯ್ಯಪ್ಪ. ನೇತ್ರಾಣಿಗೂ ಬೇಕಾಗುತ್ತಾ ಇದು? ಡೈವ್ ಕಂಪ್ಯೂಟರ್ (ಇನ್ನೆಷ್ಟು ಹೊತ್ತು ಇರ್ಬೋದು ಅಂತ ತೋರಿಸೋದು) ಬೇರೆ ಬಾಡಿಗೇದು.

ಅಲೆಮನೆ:
10-15 ಮೀಟರ್ ಡೈವ್‌ಗೆ ದಂಡ, ಟೈಮ್ ಮುಗಿಯೋ ಮುಂಚೆ ಸಿಲಿಂಡರ್ರೇ ಮುಗಿಯುತ್ತೆ. ಹ್ಯಾವ್‌ಲಾಕಲ್ಲಿ ದಿನಕ್ಕೆ 3 ಡೈವ್, 4 ದಿನ ಅಂದ್ರೆ ಉಪಯೋಗ ಇದೆ, ಮಾಡಿ. ಆದ್ರೂ ನಿಮ್ ಓಪನ್ ವಾಟರ್ ಕಾರ್ಡಿಗೆ 18 ಮೀಟರೇ, ಅದೇನೂ ಬದಲಾಗಲ್ಲ. ಬಾಡಿಗೆ ಕಂಪ್ಯೂಟರ್‌ನಲ್ಲಿ ಹಿಂದಿನವನ ಸೆಟ್ಟಿಂಗ್ ಹಾಗೇ ಇರ್ಬೋದು, ಪ್ರತೀ ಡೈವ್‌ಗೂ ನೋಡಿ. ಸಿಲಿಂಡರಲ್ಲಿ ಬರೀ ಗಾಳಿ ಇದ್ದು ಕಂಪ್ಯೂಟರ್ 32 ಅಂತ ಅಂದ್ಕೊಂಡಿದ್ರೆ ಅದು ತೋರಿಸೋ ಟೈಮ್ ಎಲ್ಲಾ ಸುಳ್ಳು, ಬೆಂಡ್ಸ್ (ಮೇಲೆ ಬರುವಾಗ ಮೈಯಲ್ಲಿರೋ ನೈಟ್ರೋಜನ್ ಗುಳ್ಳೆ ಕಟ್ಟೋ ಕಾಯಿಲೆ) ಗ್ಯಾರಂಟಿ ಅನ್ನಲ್ಲ, ಆದ್ರೆ ನೀವೇ ಕರೆದಂಗೆ. ಇನ್ನೊಂದು, ಕೊನೇ ಡೈವ್ ಆಗಿ 18 ಗಂಟೆ ಫ್ಲೈಟ್ ಹತ್ಬೇಡಿ, ನೈಟ್ರಾಕ್ಸ್ ಆದ್ರೂ ಅಷ್ಟೇ.

ನೀರ್‌ದೋಸೆ:
ಪೋರ್ಟ್‌ಬ್ಲೇರ್‌ನಿಂದ ಫ್ಲೈಟು ಮಾರನೇ ಬೆಳಗ್ಗೆ 7ಕ್ಕೆ ಬುಕ್ ಆಗೋಗಿದೆ 😭 ಕೊನೇ ದಿನ ಮಧ್ಯಾಹ್ನದ ಡೈವ್ ಕ್ಯಾನ್ಸಲ್ ಮಾಡಿಸ್ತೀನಿ.